ಮೆಣಸಿನ ಕೋಳಿ, ಪಕ್ಕದಲ್ಲಿ ನವಣೆ ಕೋಸಂಬರಿ

ಕೋಳಿಗೆ ಎಷ್ಟು ನೀರು ಹಾಕಲಿ ಅಂತ ಹೊಸದಾಗಿ ಒಲೆ ಮುಂದೆ ನಿಂತವರೆಲ್ಲ ಕೇಳುತ್ತಾರೆ. ಈ ಅಡುಗೆಗೆ ಒಂದು ಹನಿಯೂ ಬೇಡ. ಫಾರಂ ಕೋಳಿ ತಾನೇ ಬೇಕಾದಷ್ಟು ನೀರು ಬಿಡುತ್ತದೆ. ಅದರಲ್ಲೇ ಬೆಂದು, ಆ ನೀರು ಇಂಗಿ, ಮಸಾಲೆ ತುಂಡಿಗೆ ಹತ್ತಬೇಕು. ನಾಟಿ ಕೋಳಿಯಾದರೆ ಈ ಲೆಕ್ಕ ನಡೆಯುವುದಿಲ್ಲ. ಅದನ್ನು ಕುಕ್ಕರಿಗೆ ಹಾಕಿ ಸಾರು ಮಾಡಿಬಿಡಿ.

ಮೊದಲು ಕೋಸಂಬರಿ ಕೆಲಸ ಮುಗಿಸಿ. ಹಸಿ ಕೋಳಿ ಮುಟ್ಟಿದ ಕೈಯಲ್ಲಿ, ಅದೇ ಮಣೆ, ಅದೇ ಚಾಕುವಿನಲ್ಲಿ ಸೌತೆಕಾಯಿ ಹೆಚ್ಚಬಾರದು. ಒಂದು ಲೋಟ ನವಣೆಯನ್ನು ಎರಡು ಮೂರು ಸಲ ತೊಳೆದು ಅರ್ಧ ಗಂಟೆ ನೆನೆಸಿ. ಪಕ್ಕದಲ್ಲೇ ಒಂದು ಹಿಡಿ ಹೆಸರುಬೇಳೆಯೂ ನೆನೆಯಲಿ. ನವಣೆ ನೀರು ಬಸಿದು, ಒಂದೂಮುಕ್ಕಾಲು ಲೋಟ ಕುದಿಯುವ ನೀರಿಗೆ ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ 10-12 ನಿಮಿಷ ಬೇಯಿಸಿ. ನಡುವೆ ಸೌಟು ಆಡಿಸಬೇಡಿ, ಗಂಜಿಯಾಗುತ್ತದೆ. ಒಲೆ ಆರಿಸಿದ ಮೇಲೂ 10 ನಿಮಿಷ ಮುಚ್ಚಿಟ್ಟು, ಆಮೇಲೆ ಅಗಲವಾದ ತಟ್ಟೆಯಲ್ಲಿ ಹರವಿ. ಪೂರ್ತಿ ಆರಿದರೇನೇ ಉದುರುದುರಾಗುವುದು. ಸೌತೆಕಾಯಿ ಬಲಿತಿದ್ದರೆ ಬೀಜ, ತಿರುಳು ತೆಗೆದು ಹೆಚ್ಚಿ.

ಈಗ ಕೋಳಿ. ಅರ್ಧ ಕೆಜಿ, ಮೂಳೆ ಸಮೇತ ಇರಲಿ. ಬರೀ ಎದೆ ಭಾಗ ತಂದರೆ ಹತ್ತಿಯ ಹಾಗೆ ಒಣಗುತ್ತದೆ. ನಲ್ಲಿ ಜೋರಾಗಿ ಬಿಟ್ಟು ತೊಳೆಯಬೇಡಿ, ಸಿಂಕಿನ ಸುತ್ತೆಲ್ಲ ಸಿಡಿಯುತ್ತದೆ. ಉಪ್ಪು, ಅರಿಶಿನ, ಶುಂಠಿ-ಬೆಳ್ಳುಳ್ಳಿ ಹಚ್ಚಿ ಪಕ್ಕಕ್ಕಿಡಿ. ಎರಡು ಚಮಚ ಕಾಳುಮೆಣಸು, ಒಂದು ಚಮಚ ಧನಿಯಾ, ಅರ್ಧ ಚಮಚ ಜೀರಿಗೆ ಬೆಚ್ಚಗೆ ಹುರಿದು ಕುಟ್ಟಾಣಿಯಲ್ಲಿ ತರಿತರಿಯಾಗಿ ಕುಟ್ಟಿ. ಮಿಕ್ಸಿಗೆ ಹಾಕಿದರೆ ಹಿಟ್ಟಾಗುತ್ತದೆ, ತಿನ್ನುವಾಗ ಮೆಣಸಿನ ಚೂರು ಹಲ್ಲಿಗೆ ಸಿಕ್ಕಿದರೇ ರುಚಿ ಅಲ್ವಾ?

ಅಗಲ ಬಾಣಲೆಯಲ್ಲಿ ಎಣ್ಣೆ, ಕರಿಬೇವು, ಎರಡು ಈರುಳ್ಳಿ. ಈರುಳ್ಳಿ ಕೆಂಪಗಾದ ಮೇಲೆ ಕೋಳಿ ಹಾಕಿ, ಜೋರು ಉರಿಯಲ್ಲಿ ಬಣ್ಣ ಬಿಳಿಚುವ ತನಕ ಹುರಿಯಿರಿ. ಕುಟ್ಟಿದ ಪುಡಿಯಲ್ಲಿ ಅರ್ಧ ಮಾತ್ರ ಈಗ ಹಾಕಿ, ಮುಚ್ಚಿ, ಉರಿ ತಗ್ಗಿಸಿ. ಐದು ನಿಮಿಷ ಬಿಟ್ಟು ನೋಡಿ, ತಳದಲ್ಲಿ ನೀರು ನಿಂತಿರುತ್ತದೆ. ಇನ್ನೊಂದು 10-15 ನಿಮಿಷ ಬೆಂದ ಮೇಲೆ ದಪ್ಪ ತುಂಡಿನ ಮೂಳೆ ಪಕ್ಕ ಚಾಕು ಚುಚ್ಚಿ. ಒಳಗೆ ಹಸಿ ಇದ್ದರೆ, ಕೆಂಪು ರಸ ಬಂದರೆ, ಇನ್ನೂ ಬೇಯಲಿ. ಬೆಂದಿದ್ದರೆ ಮುಚ್ಚಳ ತೆಗೆದು, ಉರಿ ಏರಿಸಿ, ಎಣ್ಣೆ ಬಿಡುವವರೆಗೆ ಹುರಿಯಿರಿ. ಮಿಕ್ಕ ಪುಡಿ ಒಲೆ ಆರಿಸುವ ಮುಂಚೆ ಉದುರಿಸಿ. ಮೊದಲೇ ಎಲ್ಲ ಸುರಿದರೆ ಖಾರ ಉಳಿಯುತ್ತದೆ, ಘಮ ಹೋಗುತ್ತದೆ.

ಕೋಸಂಬರಿಗೆ ಉಪ್ಪು, ನಿಂಬೆರಸ ತಟ್ಟೆ ಹಾಕುವಾಗಲೇ ಸೇರಿಸಿ, ಇಲ್ಲದಿದ್ದರೆ ಸೌತೆಕಾಯಿ ನೀರು ಬಿಟ್ಟು ನವಣೆ ಮುದ್ದೆಯಾಗುತ್ತದೆ. ಹೆಸರುಬೇಳೆ, ಕಾಯಿತುರಿ, ಕೊತ್ತಂಬರಿ ಬೆರೆಸಿ, ಸಾಸಿವೆ-ಇಂಗಿನ ಒಗ್ಗರಣೆ ಕೊಡಿ. ಹಸಿಮೆಣಸಿನಕಾಯಿ ಮಾತ್ರ ಬೇಡ, ಖಾರಕ್ಕೆ ಕೋಳಿ ಇದೆಯಲ್ಲ.

ಕೋಳಿ ಮಿಕ್ಕರೆ ಫ್ರಿಜ್‌ನಲ್ಲಿಡಿ, ಮಾರನೇ ದಿನ ಚೆನ್ನಾಗಿ ಬಿಸಿಮಾಡಿದರೆ ಚಪಾತಿಗೆ ಆಗುತ್ತದೆ. ಕಾಯಿ ಬಿದ್ದ ಕೋಸಂಬರಿ ಮಾತ್ರ ಅವತ್ತೇ ಖಾಲಿಯಾಗಬೇಕು.