ಮಂಗನ ಕಾಯಿಲೆ ವಿಷಯ ಇಟ್ಟುಕೊಂಡು ನಾನು ಪಿಆರ್ ಪ್ರಾಜೆಕ್ಟ್ ಮಾಡಿದ ಬಗೆ

ಪತ್ರಿಕೋದ್ಯಮ ಎಂ.ಎ.ಗೆ ಸೇರಿದ ಹುಡುಗ-ಹುಡುಗಿಯರು ಆಗಾಗ ಕೇಳುತ್ತಾರೆ, ಪಿಆರ್ (ಸಾರ್ವಜನಿಕ ಸಂಪರ್ಕ) ಪೇಪರ್‌ಗೆ ಪ್ರಾಜೆಕ್ಟ್ ಏನು ಮಾಡೋದು, ನಮ್ಮ ಕಡೆ ದೊಡ್ಡ ಕಂಪನಿಗಳೇ ಇಲ್ವಲ್ಲ ಅಂತ. ನಾನು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಓದುವಾಗಲೂ ಇದೇ ಮಾತಿತ್ತು. ಜಾಸ್ತಿ ಜನ ಬೆಂಗಳೂರಿನ ಯಾವುದಾದರೂ ಬ್ರ್ಯಾಂಡ್ ಹಿಡಿದರು. ನಾನು ಮಂಗನ ಕಾಯಿಲೆ ತಗೊಂಡೆ. ಅದನ್ನು ಹೇಗೆ ಮಾಡಿದೆ ಅಂತ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಪಿಆರ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಲಸ ಕೇಳಿಸಿಕೊಳ್ಳೋದೇ ಅಂತ ನನಗೆ ಗೊತ್ತಾಗಿದ್ದು ಅಲ್ಲಿ.

ವಿಷಯ ಆರಿಸಿದ ಕಾರಣ ಮೊದಲು ಹೇಳಿಬಿಡುತ್ತೇನೆ. ಈ ಕಾಯಿಲೆ ಮೊದಲು ಗೊತ್ತಾಗಿದ್ದೇ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದಕ್ಕೇ ಕೆಎಫ್‌ಡಿ, ಅಂದರೆ ಕ್ಯಾಸನೂರು ಫಾರೆಸ್ಟ್ ಡಿಸೀಸ್ ಅನ್ನುತ್ತಾರೆ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಜನ ಎಷ್ಟು ಹೆದರಿದ್ದರು ಅನ್ನೋದು ಈ ಭಾಗದವರಿಗೆ ನೆನಪಿರುತ್ತದೆ. ವೈರಸ್ ಹರಡೋದು ಉಣುಗಿನಿಂದ, ಅಂದರೆ ಮೈಗೆ ಕಚ್ಚಿ ರಕ್ತ ಹೀರುವ ಉಣ್ಣೆ ಹುಳುವಿನಿಂದ. ಮಂಗಗಳೂ ಅದರಿಂದಲೇ ಸಾಯುತ್ತವೆ. ಮನುಷ್ಯರಿಂದ ಮನುಷ್ಯರಿಗೆ ಬರುವುದಿಲ್ಲ. ಇದಕ್ಕೇ ಅಂತ ಬೇರೆ ಔಷಧಿ ಇಲ್ಲ, ಮೊದಲಿದ್ದ ಲಸಿಕೆಯಿಂದ ಸಾಕಷ್ಟು ಪ್ರಯೋಜನ ಆಗುತ್ತಿಲ್ಲ ಅಂತ 2022ರಲ್ಲಿ ಅದನ್ನೂ ನಿಲ್ಲಿಸಿದರು. ಹಾಗಾದರೆ ಕೈಯಲ್ಲಿ ಉಳಿದಿದ್ದೇನು? ಉಣುಗು ಕಚ್ಚದ ಹಾಗೆ ನೋಡಿಕೊಳ್ಳೋದು, ಜ್ವರ ಬಂದರೆ ತಡ ಮಾಡದೆ ಆಸ್ಪತ್ರೆಗೆ ಹೋಗೋದು. ಎರಡೂ ಜನರ ರೂಢಿಗೆ ಸಂಬಂಧಪಟ್ಟಿದ್ದು. ಸಂವಹನ ಓದುವವರಿಗೆ ಇದಕ್ಕಿಂತ ನಿಜವಾದ ಕೆಲಸ ಎಲ್ಲಿ ಸಿಗುತ್ತದೆ ಹೇಳಿ.

ಥಿಯರಿ ಬಗ್ಗೆ ಎರಡು ಮಾತು. ಅಮೆರಿಕದ ವಿದ್ವಾಂಸರಾದ ಗ್ರೂನಿಗ್ ಮತ್ತು ಹಂಟ್ 1984ರಲ್ಲಿ ಕೊಟ್ಟ ಪಿಆರ್‌ನ ನಾಲ್ಕು ಮಾದರಿಗಳನ್ನು ಪರೀಕ್ಷೆಗೆ ಎಲ್ಲರೂ ಓದುತ್ತಾರೆ: ಬರೀ ಪ್ರಚಾರ, ಮಾಹಿತಿ ಕೊಡೋದು, ಜನರನ್ನು ಅಳೆದು ನೋಡಿ ಒಪ್ಪಿಸೋದು, ಕೊನೆಗೆ ಎರಡೂ ಕಡೆಯವರು ಮಾತಾಡಿ ಎರಡೂ ಕಡೆ ಬದಲಾಗೋದು. ಆದರೆ ನನ್ನ ಕೈ ಹಿಡಿದಿದ್ದು ಗ್ರೂನಿಗ್ ಅವರದೇ ಇನ್ನೊಂದು ವಿಚಾರ. ಒಬ್ಬ ಮನುಷ್ಯ ಒಂದು ವಿಷಯದಲ್ಲಿ ಮುಂದೆ ಬರುತ್ತಾನೋ ಇಲ್ಲವೋ ಅನ್ನೋದಕ್ಕೆ ಮೂರು ಪ್ರಶ್ನೆ ಕೇಳಬೇಕು. ಇದು ಸಮಸ್ಯೆ ಅಂತ ಅವನಿಗೆ ಅನ್ನಿಸಿದೆಯಾ? ಅದು ತನಗೆ ತಟ್ಟುತ್ತದೆ ಅನ್ನಿಸಿದೆಯಾ? ಏನಾದರೂ ಮಾಡೋಕೆ ಅವನಿಗೆ ಅಡ್ಡಿ ಏನಿದೆ? ಈ ಮೂರನೆಯದನ್ನು ಕ್ಲಾಸಿನಲ್ಲಿ ಬೇಗ ಮುಗಿಸಿಬಿಡುತ್ತಾರೆ. ಹಳ್ಳಿಗೆ ಹೋದರೆ ಎಲ್ಲಾ ಇರೋದು ಅದರಲ್ಲೇ.

ನಾನು ಪ್ರಶ್ನಾವಳಿ ಮಾಡಲಿಲ್ಲ. "ಮಂಗನ ಕಾಯಿಲೆ ಬಗ್ಗೆ ಗೊತ್ತಾ" ಅಂತ ಕೇಳಿದರೆ ಯಾರು ಗೊತ್ತಿಲ್ಲ ಅನ್ನುತ್ತಾರೆ? ಅದರ ಬದಲು "ನಿನ್ನೆ ಬೆಳಿಗ್ಗೆ ಎದ್ದ ಮೇಲೆ ಏನೇನು ಕೆಲಸ ಆಯ್ತು ಅಕ್ಕಾ" ಅಂತ ಶುರು ಮಾಡುತ್ತಿದ್ದೆ. ಅವರು ಹೇಳುತ್ತಾ ಹೋಗುವಾಗ ಎಲ್ಲಾ ಬರುತ್ತದೆ, ಹಾಲು ಕರೆದಿದ್ದು, ಡೈರಿಗೆ ಹಾಕಿದ್ದು, ಕೊಟ್ಟಿಗೆಗೆ ದರಗು (ಒಣಗಿದ ಎಲೆ) ತರೋಕೆ ಬೆಟ್ಟಕ್ಕೆ ಹೋಗಿದ್ದು, ಬಂದು ತಿಂಡಿ ಮಾಡಿದ್ದು. ಆಮೇಲೆ ಮೆಲ್ಲಗೆ, ಎಣ್ಣೆ ಹಚ್ಚಿಕೊಂಡಿದ್ರಾ ಅಂತ. ಉಣುಗು ಹತ್ತಿರ ಬಾರದ ಹಾಗೆ ಮೈಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆ ಮನೆಯಲ್ಲಿ ಇರುತ್ತಿತ್ತು. ಆದರೆ ಅದು ಇರುತ್ತಿದ್ದದ್ದು ಒಳಗೆ ಕಪಾಟಿನಲ್ಲಿ, ಮಾತ್ರೆಗಳ ಜೊತೆ. ಕತ್ತಿ, ಹಗ್ಗ, ಕಲ್ಲಿ ಇರೋದು ಕೊಟ್ಟಿಗೆ ಬಾಗಿಲಲ್ಲಿ. ಹಾಲು ಕರೆದ ಕೈಯಲ್ಲಿ ಅಲ್ಲಿಂದಲೇ ಹೊರಟವರು ಎಣ್ಣೆಗೋಸ್ಕರ ಮತ್ತೆ ಕಾಲು ತೊಳೆದು ಒಳಗೆ ಹೋಗೋದಿಲ್ಲ. ಇನ್ನೊಬ್ಬರು ಅಜ್ಜಿ ಹೇಳಿದ್ದು, ಕೈಗೆ ಎಣ್ಣೆ ಇದ್ದರೆ ಕತ್ತಿ ಹಿಡಿ ಜಾರುತ್ತೆ ಮಗಾ, ಬೆರಳು ಹೋದರೆ ಯಾರು ಕೊಡ್ತಾರೆ ಅಂತ. ಇದು ಅಜ್ಞಾನ ಅಲ್ವೇ ಅಲ್ಲ. ನೂರಕ್ಕೆ ನೂರು ಸರಿಯಾದ ಕಾರಣ.

"ಕಾಡಿಗೆ ಹೋಗಬೇಡಿ" ಅನ್ನುವ ಪೋಸ್ಟರ್ ಅಲ್ಲಿ ಯಾಕೆ ಕೆಲಸ ಮಾಡೋದಿಲ್ಲ ಅಂತ ಇಷ್ಟರಲ್ಲೇ ತಿಳಿಯಿತು. ದರಗು ಇಲ್ಲದೆ ಕೊಟ್ಟಿಗೆ ಇಲ್ಲ, ಕೊಟ್ಟಿಗೆ ಇಲ್ಲದೆ ಗೊಬ್ಬರ ಇಲ್ಲ, ಗೊಬ್ಬರ ಇಲ್ಲದೆ ತೋಟ ಇಲ್ಲ. ಹಾಗಾಗಿ ಸಂದೇಶವನ್ನು ಅವರ ದಿನದೊಳಗೇ ಇಟ್ಟೆ. ಎಣ್ಣೆ ಬಾಟಲಿ ಕತ್ತಿ ಪಕ್ಕ ಇಡಿ. ಹಚ್ಚಿಕೊಂಡ ಮೇಲೆ ಅಂಗೈ ಮಾತ್ರ ಒರೆಸಿಕೊಳ್ಳಿ. ಬಂದ ಕೂಡಲೇ ಬಚ್ಚಲಿಗೆ ಹೋಗಿ, ಬಟ್ಟೆ ಬಿಸಿನೀರಿಗೆ ಹಾಕಿ, ಮೈ ನೋಡಿಕೊಂಡು ಸೋಪು ಹಾಕಿ ಸ್ನಾನ ಮಾಡಿ. ನಮ್ಮ ಕಡೆ ಹಂಡೆಯಲ್ಲಿ ಬಿಸಿನೀರು ಇದ್ದೇ ಇರುತ್ತಲ್ಲ, ಹೊಸದಾಗಿ ಏನೂ ಬೇಕಾಗಿಲ್ಲ. ಈ ಸಾಲುಗಳನ್ನು ನಾನೇ ಪಕ್ಕಾ ಮಾಡಲಿಲ್ಲ. ಮೊದಲು ಆರೋಗ್ಯ ಕೇಂದ್ರದ ಡಾಕ್ಟರಿಗೆ ತೋರಿಸಿದೆ, ಆಮೇಲೆ ಆಶಾ ಅಕ್ಕನ ಹತ್ತಿರ ಓದಿಸಿದೆ, ಅವರು ಬಾಯಲ್ಲಿ ಹೇಳುವಾಗ ಎಲ್ಲಿ ತಡವರಿಸುತ್ತಾರೋ ಅಲ್ಲಿ ಪದ ಬದಲಾಯಿಸಿದೆ.

ಸಂದೇಶ ಎಲ್ಲಿ ಮುಟ್ಟಿಸಬೇಕು ಅನ್ನೋದೂ ಹೀಗೇ ಸಿಕ್ಕಿತು. ಮೈಕ್ ಕಟ್ಟಿದ ಆಟೋ ಬರುವ ಹೊತ್ತಿಗೆ ಊರಲ್ಲಿ ಯಾರೂ ಇರೋದಿಲ್ಲ. ಡಿಸೆಂಬರ್‌ನಿಂದ ಕಾಯಿಲೆಯ ಕಾಲ, ಅದೇ ಹೊತ್ತಿಗೆ ಅಡಿಕೆ ಕೊನೆ (ಗೊನೆ) ಕೊಯ್ಲು. ಗಂಡಸರು ತೋಟದಲ್ಲಿ, ಹೆಂಗಸರು ರಾತ್ರಿವರೆಗೂ ಅಡಿಕೆ ಸುಲಿಯುತ್ತಾ ಚಪ್ಪರದಲ್ಲಿ. ಹತ್ತಾರು ಜನ ಗಂಟೆಗಟ್ಟಲೆ ಒಂದೇ ಕಡೆ ಕೂತು ಮಾತಾಡುವ ಜಾಗ ಅದು, ಅದಕ್ಕಿಂತ ಒಳ್ಳೆಯ ಮಾಧ್ಯಮ ಹಣ ಕೊಟ್ಟರೂ ಸಿಗೋದಿಲ್ಲ. ಬೆಳಿಗ್ಗೆ ಹಾಲಿನ ಡೈರಿ, ರಾತ್ರಿ ಅಡಿಕೆ ಚಪ್ಪರ, ಇವೆರಡೇ ಸಾಕು ಅಂತ ಯೋಜನೆಯಲ್ಲಿ ಬರೆದೆ. ಹೊರಗಿನಿಂದ ಕೊಯ್ಲಿಗೆ ಬರುವ ಕೂಲಿಯವರನ್ನು ಮಾತ್ರ ಬೇರೆ ಗುಂಪು ಅಂತ ಇಟ್ಟುಕೊಂಡೆ, ಅವರಿಗೆ ಈ ಕಾಯಿಲೆಯ ಹೆಸರೇ ಹೊಸದಾಗಿರಬಹುದು. ಅವರಿಗೆ ಮೊದಲಿಂದ ಹೇಳಬೇಕು, ಅದೂ ತೋಟದ ಯಜಮಾನರ ಮೂಲಕ.

ಸತ್ತ ಮಂಗದ ವಿಷಯ ಇನ್ನೂ ಸೂಕ್ಷ್ಮ. ಕಾಡಲ್ಲಿ ಮಂಗ ಸತ್ತು ಬಿದ್ದಿದೆ ಅಂದರೆ ಅದು ಮುನ್ಸೂಚನೆ, ಆದಷ್ಟು ಬೇಗ ತಿಳಿಸಬೇಕು. ಆದರೆ ತಿಳಿಸಿದರೆ ನೀವೇ ಕೊಂದಿರಾ ಅಂತ ವಿಚಾರಣೆ ಮಾಡ್ತಾರೇನೋ ಅನ್ನೋ ಭಯ ಕೆಲವರಿಗೆ, ಬೆಳೆ ಹಾಳು ಮಾಡುವ ಮಂಗಗಳ ಮೇಲೆ ಸಿಟ್ಟು ಎಲ್ಲರಿಗೂ ಇರೋದರಿಂದ ಆ ಭಯ ಸುಮ್ನೆ ಹುಟ್ಟಿದ್ದಲ್ಲ. "ಮುಟ್ಟಬೇಡಿ, ಹತ್ತಿರ ಹೋಗಬೇಡಿ, ಆಶಾ ಅಕ್ಕನಿಗೆ ಒಂದು ಫೋನ್ ಮಾಡಿ ಸಾಕು" ಅಂತ ಹೇಳೋದು ಅವರಿಗೆ ಸುಲಭ ಅನ್ನಿಸಿತು. ಪರಿಚಯದ ಒಬ್ಬ ಮನುಷ್ಯರು ಮಧ್ಯೆ ಇದ್ದರೆ ಜನ ಬಾಯಿ ಬಿಡುತ್ತಾರೆ.

ಕಾಯಿಲೆ ಬಂದ ಮನೆಯವರ ಹೆಸರು, ಊರು, ಫೋಟೊ ವರದಿಯಲ್ಲಿ ಹಾಕಲಿಲ್ಲ. ಕೇಳಿದರೆ ಕೆಲವರು ಒಪ್ಪುತ್ತಿದ್ದರೇನೋ. ಆದರೂ ಬೇಡ ಅನ್ನಿಸಿತು.

ಇನ್ನು ಮೌಲ್ಯಮಾಪನ. ಪೇಪರ್ ಕಟಿಂಗ್ ಅಂಟಿಸಿ, ಅಷ್ಟು ಜಾಗಕ್ಕೆ ಜಾಹೀರಾತು ಆಗಿದ್ದರೆ ಎಷ್ಟು ದುಡ್ಡು ಅಂತ ಲೆಕ್ಕ ಕೊಡೋ ಪದ್ಧತಿ ಈಗಲೂ ಇದೆ. ಪಿಆರ್ ಕೆಲಸವನ್ನು ಹೇಗೆ ಅಳೆಯಬೇಕು ಅಂತ ಹೇಳುವ 2010ರ ಬಾರ್ಸಿಲೋನಾ ತತ್ವಗಳು ಅದನ್ನು ಸ್ಪಷ್ಟವಾಗಿ ಬೇಡ ಅನ್ನುತ್ತವೆ, ಏನು ಹಂಚಿದಿರಿ ಅನ್ನೋದಕ್ಕಿಂತ ಏನು ಬದಲಾಯಿತು ಅಂತ ಅಳೆಯಿರಿ ಅನ್ನುತ್ತವೆ. ನಾನು ಅಳೆದದ್ದು ತುಂಬಾ ಸರಳ. ಮತ್ತೆ ಆ ಮನೆಗಳಿಗೆ ಹೋಗಿ ಎಣ್ಣೆ ಬಾಟಲಿ ಎಲ್ಲಿದೆ ಅಂತ ನೋಡಿದೆ. ಹಚ್ಚಿಕೊಳ್ತೀರಾ ಅಂತ ಕೇಳಿದರೆ ನನ್ನ ಮನಸ್ಸು ನೋಯಬಾರದು ಅಂತ ಹೂಂ ಅನ್ನುತ್ತಾರೆ, ಬಾಟಲಿ ಮಾತ್ರ ಹಾಗೆ ಹೇಳೋದಿಲ್ಲ. ಕೆಲವು ಮನೆಗಳಲ್ಲಿ ಅದು ಕೊಟ್ಟಿಗೆ ಬಾಗಿಲಿಗೆ ಬಂದಿತ್ತು, ಕೆಲವು ಕಡೆ ಕಪಾಟಿನಲ್ಲೇ ಇತ್ತು. ಎರಡನ್ನೂ ಇದ್ದ ಹಾಗೇ ಬರೆದೆ. ಇಷ್ಟು ಸಣ್ಣ ಕೆಲಸದಿಂದ ಕಾಯಿಲೆ ಕಡಿಮೆಯಾಯಿತು ಅಂತ ಹೇಳೋಕೆ ಆಗೋದಿಲ್ಲ ಅಂತಲೂ ಬರೆದೆ.

ಈ ವರ್ಷ ವಿಷಯ ಹುಡುಕುತ್ತಿರುವವರು ಅಡಿಕೆಯ ಎಲೆಚುಕ್ಕಿ ರೋಗ ನೋಡಿ. ಅದು ಶಿಲೀಂಧ್ರದಿಂದ ಬರುವುದು, ಗಾಳಿ-ಮಳೆಯಲ್ಲಿ ತೋಟದಿಂದ ತೋಟಕ್ಕೆ ಹೋಗುತ್ತದೆ, ಒಬ್ಬರು ಔಷಧಿ ಹೊಡೆದು ಪಕ್ಕದವರು ಬಿಟ್ಟರೆ ಅಷ್ಟು ಉಪಯೋಗವಿಲ್ಲ. ಒಂದು ಕೇರಿಯ ತೋಟದವರೆಲ್ಲ ಒಟ್ಟಿಗೆ ಮಾಡುವ ಹಾಗೆ ಮಾಡೋದು ಹೇಗೆ ಅನ್ನೋದೇ ಪ್ರಾಜೆಕ್ಟ್. ಮಳೆಗಾಲಕ್ಕೆ ಮುಂಚೆ ಶುರು ಮಾಡಿ, ಮೊದಲು ಔಷಧಿ ಹೊಡೆಯದೆ ಬಿಟ್ಟವರ ಮನೆಗೆ ಹೋಗಿ.