ಸ್ಕ್ಯಾನ್ ಸರಿಯಿದೆ, ತಲೆ ಸರಿಯಿಲ್ಲ: ಕನ್ಕಷನ್ ನಂತರದ ತಿಂಗಳುಗಳನ್ನು ದಾಟುವ ಬಗೆ

ಸ್ಕೂಟರಿನಿಂದ ಬಿದ್ದವರು, ಬಚ್ಚಲಲ್ಲಿ ಜಾರಿದವರು, ಸಜ್ಜೆಯ ಅಂಚಿಗೆ ತಲೆ ಬಡಿದುಕೊಂಡವರು ಆಸ್ಪತ್ರೆಗೆ ಹೋಗುತ್ತಾರೆ, ಸಿ.ಟಿ. ಸ್ಕ್ಯಾನ್ ಮಾಡಿಸುತ್ತಾರೆ, ‘ಏನೂ ಆಗಿಲ್ಲ’ ಎಂಬ ಮಾತು ಕೇಳಿ ನಿರಾಳವಾಗಿ ಮನೆಗೆ ಮರಳುತ್ತಾರೆ. ಆದರೆ ಮೂರು ವಾರ ಕಳೆದರೂ ತಲೆನೋವು ಬಿಡುವುದಿಲ್ಲ, ಮಿಕ್ಸಿಯ ಸದ್ದು ತಡೆಯಲಾಗುವುದಿಲ್ಲ, ಪತ್ರಿಕೆಯ ಒಂದು ಅಂಕಣ ಓದಿ ಮುಗಿಸುವುದರೊಳಗೆ ಕಣ್ಣು ಸೋಲುತ್ತದೆ. ತಲೆಗೆ ಬಿದ್ದ ಪೆಟ್ಟಿನಿಂದ ಮಿದುಳು ಅಲುಗಿ ಅದರ ಕೆಲಸ ಹೀಗೆ ಏರುಪೇರಾಗುವುದಕ್ಕೆ ಕನ್ಕಷನ್ ಎನ್ನುತ್ತಾರೆ. ಬಸ್ಸಿನ ಬಾಗಿಲ ಚೌಕಟ್ಟಿಗೆ ತಲೆ ತಾಗಿಸಿಕೊಂಡ ನಾನು ಇದನ್ನು ಏಳು ತಿಂಗಳು ಅನುಭವಿಸಿದ್ದೇನೆ. ಆ ಬಳಿಕ ನೆಂಟರಲ್ಲಿಯೂ ನೆರೆಹೊರೆಯಲ್ಲಿಯೂ ಹಲವರು ಇದೇ ದಾರಿ ಹಿಡಿದು, ಒಂದೇ ಜಾಗದಲ್ಲಿ ಎಡವಿದ್ದನ್ನು ಕಂಡಿದ್ದೇನೆ. ಆದ್ದರಿಂದ ಆ ಜಾಗದ ಬಗ್ಗೆಯೇ ಇಲ್ಲಿ ಹೆಚ್ಚು ಬರೆಯುತ್ತೇನೆ.

ಸ್ಕ್ಯಾನ್ ತೋರಿಸುವುದು ರಕ್ತಸ್ರಾವವನ್ನು, ಮೂಳೆಯ ಬಿರುಕನ್ನು. ಕನ್ಕಷನ್‌ನಲ್ಲಿ ಮುಖ್ಯವಾಗಿ ಏರುಪೇರಾಗಿರುವುದು ನರಕೋಶಗಳ ಕೆಲಸ. ಪೆಟ್ಟಿನ ರಭಸಕ್ಕೆ ಪೊಟ್ಯಾಸಿಯಂ ಕೋಶದಿಂದ ಹೊರಕ್ಕೂ ಕ್ಯಾಲ್ಸಿಯಂ ಒಳಕ್ಕೂ ನುಗ್ಗುತ್ತವೆ. ಇವನ್ನು ಮತ್ತೆ ಸಮತೋಲಕ್ಕೆ ತರಲು ಮಿದುಳಿಗೆ ಹೆಚ್ಚು ಶಕ್ತಿ ಬೇಕಾಗಿರುವ ಹೊತ್ತಿನಲ್ಲಿಯೇ ಅದಕ್ಕೆ ಒದಗುವ ರಕ್ತದ ಹರಿವು ತಗ್ಗಿರುತ್ತದೆ. ಹೆಚ್ಚಿನವರು ಕೆಲವೇ ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ, ಕೆಲವರಿಗೆ ಮೂರು ತಿಂಗಳು ಮೀರಿಯೂ ತೊಂದರೆ ಉಳಿಯುತ್ತದೆ. ‘ನೋಡೋಕೆ ಚೆನ್ನಾಗೇ ಇದ್ದೀಯಲ್ಲಮ್ಮ’ ಎಂದು ಮನೆಯವರು ಹೇಳಿದಾಗ ನೊಂದುಕೊಳ್ಳುವ ಬದಲು ಈ ಮಾತನ್ನು ಅವರಿಗೆ ಒಮ್ಮೆ ಓದಿ ಹೇಳಬಹುದು.

ಮೊದಲ ಹೆಜ್ಜೆ: ಅಪಾಯವಿಲ್ಲವೆಂದು ಖಚಿತಪಡಿಸಿಕೊಳ್ಳಿ

ಮತ್ತೆ ಮತ್ತೆ ವಾಂತಿ, ಏರುತ್ತಲೇ ಹೋಗುವ ತಲೆನೋವು, ಫಿಟ್ಸ್, ತೊದಲುವ ಮಾತು, ಒಂದು ಕೈ ಅಥವಾ ಕಾಲಿನ ಬಲ ಕುಂದುವುದು, ಕಣ್ಣಿನ ಪಾಪೆಗಳ ಗಾತ್ರದಲ್ಲಿ ವ್ಯತ್ಯಾಸ, ಎಬ್ಬಿಸಿದರೂ ಏಳದಂಥ ಮಂಪರು, ಮೂಗು ಅಥವಾ ಕಿವಿಯಿಂದ ನೀರಿನಂಥ ದ್ರವ ಸೋರುವುದು, ಇವುಗಳಲ್ಲಿ ಯಾವುದಾದರೂ ಒಂದು ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. ವಯಸ್ಸಾದವರ ಮತ್ತು ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುವವರ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಸಣ್ಣ ಪೆಟ್ಟಾದರೂ ಅವರ ತಲೆಬುರುಡೆಯೊಳಗೆ ರಕ್ತ ನಿಧಾನವಾಗಿ ಜಿನುಗಿ, ವಾರಗಳ ನಂತರ ನಡಿಗೆ ತಪ್ಪುವುದು, ಮಾತು ಗೊಂದಲವಾಗುವುದು ಕಾಣಿಸಿಕೊಳ್ಳಬಹುದು. ಅದನ್ನು ‘ವಯಸ್ಸಾಯಿತು’ ಎಂದು ತಳ್ಳಿಹಾಕಬಾರದು.

ಎರಡನೆಯ ಹೆಜ್ಜೆ: ಒಂದೆರಡು ದಿನದ ವಿಶ್ರಾಂತಿ

ಮೊದಲ 24ರಿಂದ 48 ಗಂಟೆ ಮನೆಯಲ್ಲೇ ಹಗುರವಾಗಿ ಓಡಾಡಿಕೊಂಡು, ಮೊಬೈಲ್ ಮತ್ತು ಟಿ.ವಿ.ಯನ್ನು ಆದಷ್ಟು ದೂರವಿಟ್ಟು, ನಿದ್ದೆ ಬಂದಾಗ ಮಲಗಿದರೆ ಸಾಕು. ವೈದ್ಯರು ಪರೀಕ್ಷಿಸಿ ಮನೆಗೆ ಕಳುಹಿಸಿದವರನ್ನು ರಾತ್ರಿಯಿಡೀ ನಿದ್ದೆಗೆಡಿಸುವುದರಿಂದ ಉಪಯೋಗವಿಲ್ಲ.

ಮೂರನೆಯ ಹೆಜ್ಜೆ: ಮಿತಿಯನ್ನು ಕಂಡುಕೊಂಡು ಅದರ ಅಂಚಿನಲ್ಲಿ ನಡೆಯುವುದು

ಬಹುಪಾಲು ಜನರು ಕೆಡಿಸಿಕೊಳ್ಳುವುದು ಇಲ್ಲಿಯೇ. ಕೆಲವರು ಕಿಟಕಿ ಮುಚ್ಚಿ, ಕತ್ತಲ ಕೋಣೆಯಲ್ಲಿ ವಾರಗಟ್ಟಲೆ ಮಲಗುತ್ತಾರೆ. ಅದರಿಂದ ಬೆಳಕನ್ನು ಸಹಿಸುವ ಶಕ್ತಿ ಇನ್ನೂ ಕುಗ್ಗುತ್ತದೆ, ನಿದ್ದೆ ಕೆಡುತ್ತದೆ, ಮನಸ್ಸು ಕುಸಿಯುತ್ತದೆ. ಇನ್ನು ಕೆಲವರು ನಾಲ್ಕನೆಯ ದಿನವೇ ಕಚೇರಿಗೆ ಹೋಗಿ, ಸಂಜೆ ಗೋಡೆ ಹಿಡಿದುಕೊಂಡು ಮನೆಗೆ ಬರುತ್ತಾರೆ. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ ಕ್ರೀಡಾ ಕನ್ಕಷನ್ ತಜ್ಞರ ಅಂತರರಾಷ್ಟ್ರೀಯ ಸಮ್ಮೇಳನವು ಮೊದಲ ಎರಡು ದಿನಗಳೊಳಗೇ ನಡಿಗೆಯಂಥ ಹಗುರವಾದ ಚಟುವಟಿಕೆ ಆರಂಭಿಸಬಹುದೆಂದು ಹೇಳಿತು. ಅಲ್ಲಿ ಒಪ್ಪಿದ ಅಳತೆಗೋಲನ್ನು ಮನೆಯಲ್ಲಿ ಯಾರು ಬೇಕಾದರೂ ಬಳಸಬಹುದು.

ಕೆಲಸ ಆರಂಭಿಸುವ ಮುನ್ನ ನಿಮ್ಮ ತೊಂದರೆಗೆ ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕ ಕೊಡಿ. ತಲೆನೋವು ಮೂರರಲ್ಲಿದೆ ಎಂದುಕೊಳ್ಳೋಣ. ಹತ್ತು ನಿಮಿಷ ನಡೆದ ಮೇಲೆ ಅದು ಐದಕ್ಕೇರಿ, ಒಂದು ಗಂಟೆಯೊಳಗೆ ಮತ್ತೆ ಮೂರಕ್ಕಿಳಿದರೆ ನೀವು ಮಿತಿಯೊಳಗೇ ಇದ್ದೀರಿ, ಆ ಏರಿಕೆಯಿಂದ ಹೊಸ ಹಾನಿಯೇನೂ ಆಗಿಲ್ಲ. ಅಂಕ ಆರಂಭದಲ್ಲಿದ್ದುದಕ್ಕಿಂತ ಎರಡನ್ನೂ ಮೀರಿ ಏರಿದರೆ ಅಲ್ಲಿಗೇ ನಿಲ್ಲಿಸಬೇಕು. ಗಂಟೆ ಕಳೆದರೂ ಇಳಿಯದಿದ್ದರೆ ಮರುದಿನ ಅದೇ ಕೆಲಸವನ್ನು ಅರ್ಧಕ್ಕೆ ಇಳಿಸಬೇಕು, ಪೂರ್ತಿಯಾಗಿ ಬಿಡಬಾರದು. ಎರಡು ದಿನ ಸುಸೂತ್ರವಾಗಿ ನಡೆದರೆ ಮೂರನೆಯ ದಿನ ಎರಡು ಮೂರು ನಿಮಿಷ ಸೇರಿಸಿ. ಈ ಲೆಕ್ಕಕ್ಕೆ ಮೊಬೈಲ್ ಆ್ಯಪ್ ಬೇಡವೇ ಬೇಡ. ಪರದೆ ನೋಡಿ ತಲೆನೋವು ಬರಿಸಿಕೊಂಡು ಅದೇ ಪರದೆಯಲ್ಲಿ ತಲೆನೋವನ್ನು ಬರೆಯುವುದರಲ್ಲಿ ಅರ್ಥವಿಲ್ಲ. ಗೆರೆ ಹಾಕಿದ ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ಲು ಸಾಕು.

ಎಲ್ಲಕ್ಕಿಂತ ಕಷ್ಟವಾದದ್ದು ಒಳ್ಳೆಯ ದಿನವನ್ನು ನಿಭಾಯಿಸುವುದು. ಹತ್ತು ದಿನ ಮಂಕಾಗಿದ್ದವರಿಗೆ ಒಂದು ಬೆಳಿಗ್ಗೆ ತಲೆ ತಿಳಿಯಾದಂತೆ ಅನಿಸುತ್ತದೆ. ಕೂಡಿಬಿದ್ದ ಬಟ್ಟೆಯನ್ನೆಲ್ಲ ಒಗೆದು, ಮನೆ ಸಾರಿಸಿ, ಮಾರ್ಕೆಟ್ಟಿಗೂ ಹೋಗಿಬರುತ್ತಾರೆ, ಮುಂದಿನ ಮೂರು ದಿನ ಹಾಸಿಗೆಯಿಂದ ಏಳಲಾಗುವುದಿಲ್ಲ. ನಾನು ಎರಡು ತಿಂಗಳು ಕಳೆದುಕೊಂಡದ್ದು ಈ ಏರಿಳಿತದಲ್ಲಿಯೇ. ಎಷ್ಟು ಚೆನ್ನಾಗಿದೆ ಎನಿಸಿದರೂ ಅಂದು ಮಾಡಬೇಕೆಂದು ಬರೆದುಕೊಂಡದ್ದಷ್ಟನ್ನೇ ಮಾಡಬೇಕು, ಮಂಕಾದ ದಿನವೂ ಸ್ವಲ್ಪವಾದರೂ ನಡೆಯಬೇಕು.

ನಡಿಗೆಗೆ ನಾನು ಹೇಳುವುದು ಬೆಳಗಿನ ಜಾವದ ಶಾಲಾ ಮೈದಾನವನ್ನು ಅಥವಾ ಕೆರೆಯ ಏರಿಯನ್ನು. ವಾಹನಗಳ ಹಾರ್ನ್ ಇರುವ ರಸ್ತೆ ಬೇಡ. ಎದೆಬಡಿತ ಸ್ವಲ್ಪ ಏರುವಷ್ಟು ವೇಗವೂ ಬೇಕು, ಏಕೆಂದರೆ ಮಿತಿಯೊಳಗಿನ ಇಂಥ ವ್ಯಾಯಾಮವೇ ಒಂದು ಚಿಕಿತ್ಸೆ. ಅಮೆರಿಕದ ಬಫಲೋ ವಿಶ್ವವಿದ್ಯಾಲಯದ ಜಾನ್ ಲೆಡ್ಡಿ ಮತ್ತು ಸಂಗಡಿಗರು ಪೆಟ್ಟಾದ ಕೆಲವೇ ದಿನಗಳೊಳಗಿನ ಹದಿಹರೆಯದ ಕ್ರೀಡಾಪಟುಗಳ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ವ್ಯಾಯಾಮ ಮಾಡಿದವರ ಚೇತರಿಕೆಯ ಮಧ್ಯಮಾಂಕ (ಅರ್ಧದಷ್ಟು ಜನ ಚೇತರಿಸಿಕೊಳ್ಳಲು ಹಿಡಿದ ಅವಧಿ) 13 ದಿನವಿದ್ದರೆ, ಬರಿಯ ಸ್ಟ್ರೆಚಿಂಗ್ ಮಾಡಿದವರದು 17 ದಿನವಿತ್ತು. ಅವರು ಟ್ರೆಡ್‌ಮಿಲ್ ಮೇಲೆ ನಡೆಸಿ, ತೊಂದರೆ ಏರುವ ಎದೆಬಡಿತ ಯಾವುದೆಂದು ಗುರುತಿಸಿ, ಅದರ ಶೇ 80ರಷ್ಟರಲ್ಲಿ ದಿನಕ್ಕೆ 20 ನಿಮಿಷ ವ್ಯಾಯಾಮ ಹೇಳಿದರು. ಎದೆಬಡಿತ ನಿಮಿಷಕ್ಕೆ 140 ಆದಾಗ ತಲೆನೋವು ಹೆಚ್ಚುವವರಿಗೆ ಗುರಿ 112. ಈ ಪರೀಕ್ಷೆಯನ್ನು ಮಾತ್ರ ತಜ್ಞರ ಎದುರಿನಲ್ಲಿಯೇ ಮಾಡಿಸಬೇಕು.

ಮನಸ್ಸಿನ ಕೆಲಸಕ್ಕೂ ಇದೇ ಲೆಕ್ಕ. ಹತ್ತು ನಿಮಿಷ ಓದಿ ಐದು ನಿಮಿಷ ಕಣ್ಣು ಮುಚ್ಚಿ ಕುಳಿತುಕೊಳ್ಳಿ. ಟಿ.ವಿ. ಹಾಕಿಕೊಂಡು, ಫೋನಿನಲ್ಲಿ ಮಾತಾಡುತ್ತ ತರಕಾರಿ ಹೆಚ್ಚುವುದು ಈ ಸ್ಥಿತಿಯಲ್ಲಿರುವ ಮಿದುಳಿಗೆ ಒಮ್ಮೆಲೇ ಮೂರು ಕೆಲಸ. ಕಚೇರಿಗೆ ಮರಳುವಾಗ ‘ಲಘು ಕೆಲಸ’ ಎಂದಷ್ಟೇ ಬರೆದ ವೈದ್ಯರ ಪತ್ರದಿಂದ ಪ್ರಯೋಜನವಿಲ್ಲ. ದಿನಕ್ಕೆ ಎಷ್ಟು ಗಂಟೆ, ಎಷ್ಟು ಹೊತ್ತಿಗೊಮ್ಮೆ ಬಿಡುವು, ಎಂದಿನವರೆಗೆ ಎಂದು ಅಂಕಿಗಳಲ್ಲಿ ಬರೆಸಿಕೊಳ್ಳಬೇಕು.

ಈ ಹಂತದಲ್ಲಿ ಅಂಗಡಿಯವರೂ ಹಿತೈಷಿಗಳೂ ನಾನಾ ವಸ್ತುಗಳನ್ನು ಕೊಳ್ಳಿಸಲು ನೋಡುತ್ತಾರೆ. ‘ಬ್ರೈನ್ ಟಾನಿಕ್’ಗೆ ಹಣ ಸುರಿಯಬೇಡಿ. ನೀಲಿ ಬೆಳಕು ತಡೆಯುತ್ತದೆಂದು ಮಾರುವ ಕನ್ನಡಕಕ್ಕಿಂತ ಪರದೆಯ ಬೆಳಕು ತಗ್ಗಿಸಿ ಅಕ್ಷರ ದೊಡ್ಡದು ಮಾಡಿಕೊಳ್ಳುವುದು ಮೇಲು. ಬಿಸಿಲಿಗೆ ಕಪ್ಪು ಕನ್ನಡಕ ಸರಿ, ಮನೆಯೊಳಗೆ ಅದನ್ನು ಹಾಕಿಕೊಂಡೇ ಇದ್ದರೆ ಕಣ್ಣು ಕತ್ತಲೆಗೆ ಹೊಂದಿಕೊಂಡು ಬೆಳಕು ಇನ್ನಷ್ಟು ಚುಚ್ಚುತ್ತದೆ. ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಮೆಡಿಕಲ್ ಶಾಪಿನ ನೋವಿನ ಮಾತ್ರೆಯ ಬಗ್ಗೆ. ಸಾಮಾನ್ಯ ನೋವುನಿವಾರಕವನ್ನು ತಿಂಗಳಿಗೆ 15 ಅಥವಾ ಅದಕ್ಕಿಂತ ಹೆಚ್ಚು ದಿನ ತೆಗೆದುಕೊಳ್ಳುತ್ತ ಹೋದರೆ ಆ ಮಾತ್ರೆಯಿಂದಲೇ ತಲೆನೋವು ನೆಲೆಯೂರಬಹುದು. ನುಂಗಿದ ದಿನಗಳನ್ನು ಅದೇ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಡಿ.

ನಾಲ್ಕನೆಯ ಹೆಜ್ಜೆ: ಉಳಿದ ತೊಂದರೆಗಳನ್ನು ಬಿಡಿಬಿಡಿಯಾಗಿ ನೋಡಿ

‘ಇನ್ನೂ ಸರಿಹೋಗಿಲ್ಲ ಡಾಕ್ಟರೇ’ ಎಂದಷ್ಟೇ ಹೇಳಿದರೆ ದಾರಿ ಕಾಣುವುದಿಲ್ಲ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಅಥವಾ ಬಟ್ಟೆ ಒಣಹಾಕಲು ಮೇಲೆ ನೋಡಿದಾಗ ಕೋಣೆ ಕೆಲವು ಸೆಕೆಂಡು ಗಿರ್ರೆಂದು ತಿರುಗಿದರೆ, ಒಳಕಿವಿಯ ಸಣ್ಣ ಹರಳುಗಳು ಜಾಗ ತಪ್ಪಿರಬಹುದು. ತಲೆಯನ್ನು ಕ್ರಮವಾಗಿ ಹೊರಳಿಸಿ ಅವನ್ನು ಸ್ವಸ್ಥಾನಕ್ಕೆ ತರುವ ‘ಎಪ್ಲಿ’ ವಿಧಾನ ಅನೇಕರಿಗೆ ಒಂದೆರಡು ಸಲದಲ್ಲಿಯೇ ಗುಣ ಕೊಡುತ್ತದೆ. ಮಾತ್ರೆಗೆ ಆ ಹರಳುಗಳನ್ನು ಸರಿಸುವ ಶಕ್ತಿ ಇಲ್ಲ. ಯಾವ ಕಿವಿಯ ತೊಂದರೆ ಎಂದು ತಿಳಿಯದೆ ಯೂಟ್ಯೂಬ್ ನೋಡಿ ಮಾಡುವುದು ಬೇಡ, ಮೊದಲ ಸಲ ಇ.ಎನ್.ಟಿ. ವೈದ್ಯರಿಂದ ಅಥವಾ ಇದರಲ್ಲಿ ತರಬೇತಿ ಪಡೆದ ಫಿಸಿಯೋಥೆರಪಿಸ್ಟರಿಂದ ಮಾಡಿಸಿ.

ಓದುವಾಗ ಸಾಲು ಜಿಗಿದರೆ ದೃಷ್ಟಿ 6/6 ಇದ್ದರೂ ಎರಡು ಕಣ್ಣುಗಳು ಹತ್ತಿರದ ವಸ್ತುವಿನ ಮೇಲೆ ಒಟ್ಟಿಗೆ ನೆಡುತ್ತವೆಯೇ ಎಂಬುದನ್ನು ಪರೀಕ್ಷಿಸಲು ಕೇಳಬೇಕು. ತಲೆಯ ಹಿಂಭಾಗದಿಂದ ಏರುವ ನೋವು ಅನೇಕ ಸಲ ಪೆಟ್ಟಿನಲ್ಲಿ ಉಳುಕಿದ ಕುತ್ತಿಗೆಯದು. ಒಗ್ಗರಣೆಯ ವಾಸನೆ ತಿಳಿಯುತ್ತಿಲ್ಲವಾದರೆ ಗ್ಯಾಸ್ ಸೋರಿದರೂ ತಿಳಿಯುವುದಿಲ್ಲ, ಸಿಲಿಂಡರ್ ನೋಡಿಕೊಳ್ಳುವ ಹೊಣೆಯನ್ನು ಬೇರೆಯವರಿಗೆ ವಹಿಸಿ. ರಾತ್ರಿ ಎಷ್ಟು ಹೊತ್ತಿಗೆ ಮಲಗಿದರೂ ಬೆಳಿಗ್ಗೆ ಒಂದೇ ಹೊತ್ತಿಗೆ ಏಳಿ, ಮಧ್ಯಾಹ್ನದ ನಂತರ ಕಾಫಿ ಬಿಡಿ.

ಕಾರಣವಿಲ್ಲದೆ ಸಿಟ್ಟು, ಅಳು, ಭಯ ಬರುವುದೂ ಈ ಪೆಟ್ಟಿನ ಭಾಗವೇ. ಬದುಕೇ ಬೇಡವೆನಿಸುವಂಥ ಯೋಚನೆ ಬಂದರೆ ಒಂದು ಕ್ಷಣವೂ ತಡಮಾಡದೆ ಮನೆಯವರಿಗೆ ಹೇಳಬೇಕು, 14416ಕ್ಕೆ ಕರೆ ಮಾಡಬೇಕು. ಅದು ಟೆಲಿ ಮಾನಸ್ ಉಚಿತ ಸಹಾಯವಾಣಿ, ಕನ್ನಡದಲ್ಲಿಯೇ ಮಾತಾಡಬಹುದು. ಮೂರು ತಿಂಗಳಾದರೂ ತೊಂದರೆ ಮುಂದುವರಿದಿದ್ದರೆ ನರರೋಗ ತಜ್ಞರನ್ನು ಕಾಣಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಹೋಗುವಾಗ ಆ ನೋಟ್‌ಬುಕ್ಕನ್ನು ಮರೆಯದೆ ಒಯ್ಯಿರಿ.

ಕೊನೆಯ ಹೆಜ್ಜೆ: ಆಟ ಮತ್ತು ದ್ವಿಚಕ್ರ ವಾಹನ

ಮೊದಲ ಪೆಟ್ಟು ಮಾಯುವ ಮುನ್ನ ಎರಡನೆಯದು ಬೀಳಬಾರದು. ಕನ್ಕಷನ್ ಆದ ಆಟಗಾರನ ಬದಲಿಗೆ ಇನ್ನೊಬ್ಬನನ್ನು ಇಳಿಸಲು ಐ.ಸಿ.ಸಿ. 2019ರಲ್ಲಿ ಅವಕಾಶ ಕೊಟ್ಟಿತು. ಶಾಲೆಯ ಮೈದಾನದಲ್ಲಿ ಬಿದ್ದ ಮಗುವನ್ನು ನೀರು ಕುಡಿಸಿ ಮತ್ತೆ ಆಟಕ್ಕೆ ಕಳುಹಿಸುವ ರೂಢಿಯೂ ನಿಲ್ಲಬೇಕು. ಮಗು ಅಂದು ಆಟದಿಂದ ಹೊರಗಿರಬೇಕು, ವೈದ್ಯರು ಒಪ್ಪಿದ ಮೇಲಷ್ಟೇ ಮರಳಬೇಕು.

ಸ್ಕೂಟರ್ ಏರುವ ಮುನ್ನ ಮನೆಯಂಗಳದಲ್ಲಿ ನಿಂತು ತಲೆಯನ್ನು ಬೇಗ ಬೇಗನೆ ಎಡಕ್ಕೂ ಬಲಕ್ಕೂ ಹಿಂದಕ್ಕೂ ತಿರುಗಿಸಿ ನೋಡಿ. ತಲೆ ಸುತ್ತಿದರೆ ಅಂದು ಬಸ್ಸು ಅಥವಾ ಆಟೋ. ಸುತ್ತದಿದ್ದರೂ ವೈದ್ಯರನ್ನು ಕೇಳಿದ ಮೇಲೆಯೇ ಓಡಿಸಿ. ಪೆಟ್ಟು ತಿಂದ ಹೆಲ್ಮೆಟ್ಟು ಹೊರಗೆ ಚೆನ್ನಾಗಿ ಕಂಡರೂ ಒಳಗಿನ ಥರ್ಮೋಕೋಲ್ ಪದರ ಅಮುಕಿಹೋಗಿರುತ್ತದೆ, ಆದ್ದರಿಂದ ಅದನ್ನು ಬಿಸಾಡಿ. ರಸ್ತೆ ಬದಿಯಲ್ಲಿ ಮಾರುವ ಟೊಪ್ಪಿಗೆಯಂಥ ಅರ್ಧ ಹೆಲ್ಮೆಟ್ ಕೊಳ್ಳಬೇಡಿ. ಐ.ಎಸ್.ಐ. ಗುರುತಿನ, ಗಲ್ಲದವರೆಗೂ ಮುಚ್ಚುವ ಹೆಲ್ಮೆಟ್ಟನ್ನೇ ತಂದು, ಪಟ್ಟಿಯನ್ನು ಬಿಗಿಯಾಗಿ ಹಾಕಿಕೊಂಡು ಹೊರಡಿ.