ಚೀಲ ಖಾಲಿ ಬಂದ ದಿನ ಮಗು ಏನು ಕಲಿಯಿತು? ಎಲ್‌ಕೆಜಿ, ಯುಕೆಜಿ ಮಕ್ಕಳ ಮನೆಯವರಿಗೆ

ಸಂಜೆ ಮಗುವನ್ನು ಕರೆದುಕೊಂಡು ಹೋಗಲು ಬರುವವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: “ಟೀಚರೇ, ಇವತ್ತು ಏನು ಬರೆಸಿದಿರಿ?” ಏನೂ ಬರೆಸಿಲ್ಲ ಎಂದರೆ ಅಮ್ಮಂದಿರ ಮುಖ ಬಾಡುತ್ತದೆ, ಅಜ್ಜಂದಿರಿಗೆ ಸಿಟ್ಟೇ ಬರುತ್ತದೆ. ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ ಕಡೆಯ ಕನ್ನಡ ಶಾಲೆಯೊಂದರಲ್ಲಿ ನಾಲ್ಕೈದರ ಪ್ರಾಯದ ಮಕ್ಕಳ ಜೊತೆ ಚಾಪೆಯಲ್ಲಿ ಕೂತು ಕೂತು ನನ್ನ ಮೊಣಕಾಲು ಸವೆದಿದೆ. ಆ ಸಲುಗೆಯಲ್ಲಿ ಹೇಳುತ್ತಿದ್ದೇನೆ: ಪುಸ್ತಕ ತಿರುವಿ ನೋಡಬೇಡಿ. ಈ ಪ್ರಾಯದ ಕಲಿಕೆ ಬಾಯಲ್ಲೂ ಬೆರಳಲ್ಲೂ ಕಾಣುತ್ತದೆ. ನೋಡುವ ಬಗೆ ಗೊತ್ತಿದ್ದರೆ ಮನೆಯಲ್ಲೂ ಮುಂದುವರಿಸಬಹುದು.

ಮೊದಲು ಪ್ರಶ್ನೆ ಬದಲಿಸಿ. “ಏನು ಕಲಿತೆ?” ಎಂದು ಕೇಳಿದರೆ ನಮ್ಮ ಊರಿನ ಮಕ್ಕಳ ಉತ್ತರ ತುಳುವಿನಲ್ಲಿ “ಎಂಚಿನಲಾ ಇಜ್ಜಿ”, ಇಲ್ಲವಾದರೆ ಮಲಯಾಳಂನಲ್ಲಿ “ಒನ್ನುಮಿಲ್ಲ”, ಎಂದರೆ ಏನೂ ಇಲ್ಲ. ಅವರು ಸುಳ್ಳು ಹೇಳುವುದಲ್ಲ. ಮಗು ಮಣ್ಣು ಕಲಸಿದೆ, ಹಾಡಿದೆ, ಜಗಳಾಡಿದೆ. ಅದಕ್ಕೆಲ್ಲ ಕಲಿಯುವುದು ಎಂಬ ಹೆಸರಿದೆ ಎಂದು ಅದಕ್ಕೇನು ಗೊತ್ತು? “ಇವತ್ತು ಯಾರ ಹತ್ತಿರ ಕೂತಿದ್ದೆ?”, “ಕತೆಯಲ್ಲಿ ನರಿ ಎಲ್ಲಿ ಅಡಗಿತು?”, “ಯಾರು ಅತ್ತರು?” ಎಂದು ಕೇಳಿ. ಕೊನೆಯ ಪ್ರಶ್ನೆಗೆ ಮಾತು ಬಾರದ ಮಗುವನ್ನು ನಾನು ಕಂಡಿಲ್ಲ. ಮಾತು ನಿಂತಲ್ಲಿ “ಮತ್ತೆ?” ಎಂದರೆ ಸಾಕು. ಮೊದಲು ಆದದ್ದು ಮೊದಲು, ಆಮೇಲಿನದು ಆಮೇಲೆ ಎಂದು ಜೋಡಿಸಿ ಹೇಳಲು ಬಂದರೆ ಅದು ದೊಡ್ಡ ಪಾಠವೇ. ಆದರೆ ಗೇಟಿನಲ್ಲೇ ವಿಚಾರಣೆ ಬೇಡ, ತಿಂಡಿ ತಿಂದ ಮೇಲಾಗಲಿ.

ಏನೂ ಹೊರಡದಿದ್ದರೆ ಊಟದ ಸುದ್ದಿ ತೆಗೆಯಿರಿ. ತಿನ್ನುವ ವಿಷಯದಲ್ಲಿ ಮಕ್ಕಳ ಮಾತಿಗೆ ಎಷ್ಟು ಬಲ ಉಂಟೆಂದರೆ, ಉಪ್ಪಿಟ್ಟಿನ ಬದಲು ಬಿರಿಯಾನಿ ಬೇಕು ಎಂದು ಪುಟ್ಟ ಹುಡುಗನೊಬ್ಬ ಕೇಳಿದ ವಿಡಿಯೊ ಕೇರಳವಿಡೀ ಹರಿದಾಡಿ, 2025ರ ಜೂನ್‌ನಲ್ಲಿ ಸರಕಾರ ಅಂಗನವಾಡಿ ಊಟದ ಪಟ್ಟಿಗೆ ಮೊಟ್ಟೆ ಬಿರಿಯಾನಿಯನ್ನೇ ಸೇರಿಸಿತು.

ಇನ್ನು ಬರವಣಿಗೆ. ವಿಜಯದಶಮಿಗೆ ಅಕ್ಕಿಯಲ್ಲಿ ಬೆರಳು ಹಿಡಿದು ಬರೆಸಿದ್ದೇ ತಡ, ಮರುದಿನ ನಾಲ್ಕು ಗೆರೆಯ ಕಾಪಿ ಪುಸ್ತಕ ಮನೆಗೆ ಬರುತ್ತದೆ. ಸ್ವಲ್ಪ ತಡೆಯಿರಿ. ನಮ್ಮ ಮಣಿಕಟ್ಟಿನಲ್ಲಿ ಎಂಟು ಪುಟ್ಟ ಎಲುಬುಗಳುಂಟು. ಹುಟ್ಟುವಾಗ ಅವು ಮೆತ್ತಗಿನ ಮೃದ್ವಸ್ಥಿ. ಒಂದೊಂದಾಗಿ ವರ್ಷಗಟ್ಟಲೆ ಗಟ್ಟಿಯಾಗುತ್ತಾ ಬರುತ್ತವೆ, ಐದರ ಪ್ರಾಯಕ್ಕೆ ಆ ಕೆಲಸ ಮುಗಿದಿರುವುದಿಲ್ಲ. ಪುಟಗಟ್ಟಲೆ ‘ಅ’ ಬರೆಸಿದರೆ ಮಗು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುತ್ತದೆ. ಆಮೇಲೆ ಆ ಹಿಡಿತ ಬಿಡಿಸಲು ಒಂದನೇ ಕ್ಲಾಸಿನ ಟೀಚರ್ ಒದ್ದಾಡಬೇಕು. ಶಾಲೆಯಲ್ಲಿ ಮಣ್ಣು ಕಲಸುವುದು, ಕಾಗದ ಹರಿದು ಅಂಟಿಸುವುದು, ಮಣಿ ಪೋಣಿಸುವುದು ಎಲ್ಲ ಬೆರಳಿಗೆ ಬಲ ಬರಲಿ ಎಂದು.

ಮನೆಯಲ್ಲಿ ಇದಕ್ಕೆ ಆಟದ ಸಾಮಾನು ಕೊಳ್ಳಬೇಕಾಗಿಲ್ಲ, ಅಡಿಗೆಮನೆಗೆ ಕರೆಯಿರಿ. ಅಲಸಂಡೆ ಮುರಿಯಲಿ. ಬೇಯಿಸಿದ ಹಲಸಿನ ಬೇಳೆಯ ಸಿಪ್ಪೆ ತೆಗೆಯಲಿ. ಪುಂಡಿ (ಅಕ್ಕಿಯ ಕಡುಬು) ಮಾಡುವ ದಿನ ಒಂದು ಮುದ್ದೆ ಹಿಟ್ಟು ಅದರ ಕೈಗೂ ಕೊಡಿ. ಎಲ್ಲಕ್ಕಿಂತ ಚೆಂದ ಮಳೆಗಾಲದ ಉಂಡ್ಲಕಾಳು. ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯನ್ನು ರುಬ್ಬಿದ ಹಿಟ್ಟನ್ನು ಗೋಲಿಗಿಂತ ಸಣ್ಣ ಉಂಡೆ ಮಾಡಲು ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಒಟ್ಟಿಗೆ ದುಡಿಯಬೇಕು. ಪೆನ್ಸಿಲ್ ಹಿಡಿಯಬೇಕಾದದ್ದೂ ಆ ಮೂರೇ. ಉಂಡೆ ಒಂದು ದೊಡ್ಡದು, ಒಂದು ಸಣ್ಣದು ಆದೀತು, ಆಗಲಿ. ಕಾಯಿಸುವ ಎಣ್ಣೆಯ ಹತ್ತಿರ ಮಾತ್ರ ಬಿಡಬೇಡಿ.

ಕೈ ತಯಾರಾಗಿದೆಯೇ ಎಂದು ನೋಡಲು ಒಂದು ಸುಲಭ ಗುರುತು: ನಾವು ಬರೆದದ್ದನ್ನು ನೋಡಿ ಮಗು ಸುಮಾರು ಮೂರರ ಪ್ರಾಯಕ್ಕೆ ಸೊನ್ನೆ, ನಾಲ್ಕಕ್ಕೆ ಕೂಡಿಸುವ ಗುರುತು, ಐದರ ಹತ್ತಿರ ಚೌಕ, ಅದರ ನಂತರ ತ್ರಿಕೋನ ಬರೆಯುತ್ತದೆ. ಚೌಕದ ಮೂಲೆ ಬಾರದ ಕೈಗೆ ‘ಈ’ ಬರೆಸಲು ಹೊರಡುವುದು ಮಗುವಿಗೂ ಹಿಂಸೆ, ನಿಮಗೂ ಹಿಂಸೆ. ಬಾಯಿಪಾಠಕ್ಕೆ ಅ ಆ ಇ ಈ ಕ್ರಮವೇ ಇರಲಿ, ರಾಗದಲ್ಲಿ ಚೆಂದ ಕೇಳುತ್ತದೆ. ಬರೆಸುವಾಗ ರ, ಗ, ಸ, ದ, ಅ ಎಂದು ಶುರು ಮಾಡಿ. ಕರ್ನಾಟಕದ ಒಂದನೇ ತರಗತಿಯಲ್ಲಿ ಹೀಗೆ ಕಲಿಸುವ ಕ್ರಮ ಉಂಟು. ಈ ಅಕ್ಷರಗಳ ತಿರುವುಗಳು ಸುಲಭ, ಐದು ಅಕ್ಷರ ಬಂದ ಕೂಡಲೇ ಸರ, ಅರಸ, ಅಗಸ, ಗರಗಸ ಓದಬಹುದು. ಅಂಗಳದ ಮರಳಿನಲ್ಲಿ ಬೆರಳಿನಿಂದ ದೊಡ್ಡದಾಗಿ ಬರೆದ ಮೇಲೆ ಸ್ಲೇಟು, ಪುಸ್ತಕ ಕೊನೆಗೆ. ಅಕ್ಷರ ತಿರುಗಾಮುರುಗಾ ಆದರೆ ಗಾಬರಿ ಬೇಡ, ಈ ಪ್ರಾಯದಲ್ಲಿ ಅದು ಮಾಮೂಲು.

ಓದುವ ಮೊದಲು ಕಿವಿ ಪಳಗಬೇಕು. ಕ್ಲಾಸಿನಲ್ಲಿ ನಾವು ಚಪ್ಪಾಳೆ ತಟ್ಟುತ್ತಾ ಪದ ಬಿಡಿಸುತ್ತೇವೆ. ಬಸ್ಸಿನಲ್ಲಿ ಬರುವಾಗ ನೀವೂ ಆಡಿ: ಪೆ-ರ್ಲ ಎರಡು, ಉ-ಕ್ಕಿ-ನ-ಡ್ಕ ನಾಲ್ಕು, ಬ-ದಿ-ಯ-ಡ್ಕ ನಾಲ್ಕು, ನೀ-ರ್ಚಾ-ಲು ಮೂರು. ಕನ್ನಡದಲ್ಲಿ ಎಷ್ಟು ಚಪ್ಪಾಳೆಯೋ ಬರೆಯುವಾಗ ಸಾಮಾನ್ಯವಾಗಿ ಅಷ್ಟೇ ಅಕ್ಷರ, ಹಾಗಾಗಿ ಈ ಆಟ ನೇರ ಓದಿಗೆ ಕೊಂಡೊಯ್ಯುತ್ತದೆ. ಪ್ರಾಸಕ್ಕೆ ತರಕಾರಿ ಬುಟ್ಟಿ ಸಾಕು, ತೊಂಡೆ, ಬೆಂಡೆ, ಅಲಸಂಡೆ.

ಲೆಕ್ಕದಲ್ಲಿ ನೂರರವರೆಗೆ ಗಡಗಡ ಹೇಳುವ ಮಗುವನ್ನು ನೆಂಟರ ಮುಂದೆ ನಿಲ್ಲಿಸುವ ಚಾಳಿ ನಮ್ಮಲ್ಲಿ ಜಾಸ್ತಿ. ಅದೇ ಮಗುವಿಗೆ “ಬುಟ್ಟಿಯಿಂದ ಏಳು ತೊಂಡೆಕಾಯಿ ತಾ” ಎನ್ನಿ. ಏಳಕ್ಕೆ ನಿಲ್ಲಿಸಲು ಬಂದರೆ ಲೆಕ್ಕ ಬಂದಿದೆ, ಬಾರದಿದ್ದರೆ ಬಂದಿರುವುದು ಹಾಡು. ಇದಕ್ಕೆ ನಮ್ಮ ಹಿರಿಯರು ಅಟ್ಟದಲ್ಲಿ ಇಟ್ಟುಹೋದ ಚೆನ್ನೆಮಣೆಗಿಂತ ಒಳ್ಳೆಯ ಸಾಧನ ನನಗೆ ಗೊತ್ತಿಲ್ಲ. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕು ಮಂಜೊಟ್ಟಿ ಕಾಯಿ (ಕೆಂಪು ಬೀಜ), ಒಟ್ಟು 56. ಆಟದ ನಿಯಮವೆಲ್ಲ ಈಗಲೇ ಬೇಡ. ಗುಳಿಗೆ ನಾಲ್ಕರಂತೆ ತುಂಬಿಸಲಿ. ಒಂದು ಗುಳಿಯದ್ದನ್ನು ತೆಗೆದು ಮುಂದಿನ ಗುಳಿಗಳಿಗೆ ಒಂದೊಂದೇ ಹಾಕುತ್ತಾ ಹೋಗಲಿ. ಒಂದು ಕಾಯಿಗೆ ಒಂದು ಎಣಿಕೆ ಎಂಬುದು ಕೈಗೆ ಹತ್ತುತ್ತದೆ. ಕೆಲವು ದಿನದಲ್ಲಿ ಎಣಿಸದೆಯೇ, ನೋಡಿದ ಮಾತ್ರಕ್ಕೆ “ನಾಲ್ಕು” ಎನ್ನುತ್ತದೆ. ಆಟಿ ತಿಂಗಳಲ್ಲಿ ಮಳೆಗೆ ಕಲೆಕ್ಟರ್ ರಜೆ ಕೊಟ್ಟ ದಿನ ಮೊಬೈಲಿನ ಬದಲು ಇದನ್ನೇ ಇಳಿಸಿ. ಮಂಜೊಟ್ಟಿ ಬಾಯಿಗೆ, ಮೂಗಿಗೆ ಹೋಗದಂತೆ ಒಬ್ಬರು ಹತ್ತಿರ ಕೂತಿರಬೇಕು. ಗುಲಗಂಜಿಯನ್ನಂತೂ ಕೊಡಲೇಬೇಡಿ, ಅದರ ಬೀಜ ವಿಷ.

ಭಾಷೆಯ ಚಿಂತೆ ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಇದೆ. ನನ್ನ ಚಾಪೆಯಲ್ಲಿ ತುಳು, ಮಲಯಾಳಂ, ಬ್ಯಾರಿ, ಹವ್ಯಕ, ಮರಾಠಿ, ಕೊಂಕಣಿ ಮನೆಗಳ ಮಕ್ಕಳು ಕೂರುತ್ತಾರೆ. ಶಾಲೆ ಕನ್ನಡದ್ದೆಂದು ಮನೆಯಲ್ಲಿ ತುಳು ಬಿಟ್ಟು ಹರಕು ಕನ್ನಡಕ್ಕೋ ಇನ್ನೂ ಹರಕು ಇಂಗ್ಲಿಷಿಗೋ ಇಳಿಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅಜ್ಜಿ ಕತೆಯನ್ನು ತುಳುವಿನಲ್ಲೇ ಹೇಳಲಿ. ಕತೆ ಕೇಳಿ ಕೂತ ಮಗು ನನ್ನ ಕನ್ನಡದ ಕತೆಗೂ ಕೂರುತ್ತದೆ. ಕನ್ನಡ ಕಲಿಸುವ ಕೆಲಸ ನನಗೆ ಬಿಡಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮನೆಮಾತಿಗೆ ಒತ್ತು ಕೊಡುತ್ತದೆ, ಅದು ಹೇಳದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ.

ಚಡ್ಡಿಯ ಗುಂಡಿ, ಚಪ್ಪಲಿಯ ಎಡ ಬಲ, ಬುತ್ತಿಯ ಮುಚ್ಚಳ, ಮೂತ್ರಕ್ಕೆ ಹೋಗಬೇಕು ಎಂದು ಹೇಳುವ ಧೈರ್ಯ: ಇವಿಷ್ಟನ್ನು ಜೂನ್ ಮೊದಲು ಕಲಿಸಿ ಕಳುಹಿಸಿದರೆ ನಾನು ಋಣಿ. ಬಿಗಿ ಮುಚ್ಚಳದ ಚೆಂದದ ಡಬ್ಬಿಗಿಂತ ಮಗು ತೆರೆಯಬಲ್ಲ ಹಳೆಯ ಡಬ್ಬಿ ಮೇಲು.

ಕ್ಲಾಸ್ ಪಿಟಿಎಗೆ (ಹೆತ್ತವರು, ಟೀಚರ್ ಸೇರುವ ಸಭೆಗೆ) ಬಂದಾಗ “ನಮ್ಮವನು ಎಷ್ಟನೆಯವನು?” ಎಂದು ಕೇಳಬೇಡಿ. “ಯಾವ ಆಟಕ್ಕೆ ಅವನು ಸೇರುವುದಿಲ್ಲ?” ಎಂದು ಕೇಳಿ. ಮರಳಿನ ಮೂಲೆಗೆ ಹೋಗದ ಮಗುವಿಗೆ ಅಂಗಿ ಕೊಳೆಯಾದರೆ ಮನೆಯಲ್ಲಿ ಬೈಗುಳ ಸಿಗುತ್ತಿರಬಹುದು. ಅದನ್ನು ನೀವೇ ಸರಿಮಾಡಬಹುದು. ಆದರೆ ಕತೆಯ ಹೊತ್ತಿನಲ್ಲಿ ಹಿಂದೆ ಕೂತಾಗ ಮಾತ್ರ ಗಮನ ತಪ್ಪುತ್ತಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ, ಚಿತ್ರವನ್ನು ಮೂಗಿನ ಹತ್ತಿರ ಹಿಡಿದು ನೋಡುತ್ತಿದ್ದರೆ, ನಾಲ್ಕು ದಾಟಿದರೂ ಯಾವ ಭಾಷೆಯಲ್ಲೂ ವಾಕ್ಯ ಕೂಡಿಸದಿದ್ದರೆ, “ದೊಡ್ಡವನಾದಾಗ ಸರಿಹೋಗುತ್ತದೆ” ಎಂದು ಕೂರಬೇಡಿ. ಮಕ್ಕಳ ಡಾಕ್ಟರಿಗೆ ತೋರಿಸಿ, ಕಿವಿ ಮತ್ತು ಕಣ್ಣು ಎರಡನ್ನೂ ಪರೀಕ್ಷೆ ಮಾಡಿಸಿ. ಏನು ಹೇಳಿದರೆಂದು ನನಗೂ ತಿಳಿಸಿ, ಮರುದಿನದಿಂದಲೇ ಮಗುವನ್ನು ನನ್ನ ಹತ್ತಿರ ಕೂರಿಸಿಕೊಳ್ಳುತ್ತೇನೆ.